ಬೀಳುವ ಬಂಡಿ

ಬಾವಿಯ ಹೂಳೆತ್ತುವ ಕೆಲಸಕ್ಕೆ ಅವರಿಬ್ಬರೇ. ಕೆಳಗಿಳಿಯುವವನು ಭಾವ, ಮೇಲೆ ನಿಂತು ಹಗ್ಗ ಹಿಡಿಯುವವನು ಅವನ ಹೆಂಡತಿಯ ತಮ್ಮ. ಭಾವನ ಮದುವೆಯಾದ ವರ್ಷದಿಂದಲೂ ಹೀಗೆಯೇ ನಡೆದುಬಂದಿತ್ತು. ಬಾವಿಯೊಳಗೆ ಮಾತು ಕೆಲಸಕ್ಕೆ ಬರುವುದಿಲ್ಲ. ಕೂಗಿದ್ದು ಗೋಡೆಗೆ ಬಡಿದು ಕಲಸುಮೇಲೋಗರವಾಗಿ ಮೇಲೆ ಬರುತ್ತದೆ. ಹಾಗಾಗಿ ಹಗ್ಗವೇ ನಾಲಿಗೆ. ಕಾಲಿಗೆ ನೆಲ ಸಿಕ್ಕಿದರೆ ಒಂದು ಎಳೆತ, ಬುಟ್ಟಿ ತುಂಬಿದರೆ ಎರಡು, ತನ್ನನ್ನೇ ಎತ್ತಬೇಕಾದರೆ ಮೂರು. ಇನ್ನೊಂದು ಕಟ್ಟಲೆಯೂ ಇತ್ತು. ಇಳಿಯುವವನು ಪ್ರತಿದಿನ ಬೆಳಿಗ್ಗೆ "ಇಳೀಲಾ?" ಎಂದು ಕೇಳಬೇಕು. ಹಗ್ಗದವನು "ಇವತ್ತು ಬೇಡ" ಅಂದರೆ ಬೇಡ. ಯಾಕೆಂದು ಕೇಳುವ ಹಾಗಿಲ್ಲ. ಆದರೆ ಆ ಮಾತು ಆ ದಿನಕ್ಕಷ್ಟೇ. ಮರುದಿನ ಮತ್ತೆ ಕೇಳಬಹುದು.

ಭಾವನ ಮಗಳು ಹೊರದೇಶದ ಒಂದು ಆಟದ ಪಾರ್ಕಿನಲ್ಲಿ ಫಿಟ್ಟರ್. ಅಲ್ಲಿ ಹೊಸದಾಗಿ ರೋಲರ್ ಕೋಸ್ಟರ್ ಒಂದನ್ನು ಕಟ್ಟಿದ್ದರು. ಅಷ್ಟೆತ್ತರದ್ದು ಜಗತ್ತಿನಲ್ಲೇ ಇನ್ನೊಂದಿಲ್ಲವೆಂದು ದಾಖಲೆಯಾಗಿತ್ತು. ಅದರ ಗಾಲಿಗಳನ್ನು ತಟ್ಟಿ, ತಿರುಗಿಸಿ ನೋಡುವುದು ಅವಳ ಕೆಲಸ. ಜನರಿಗೆ ತೆರೆಯುವ ಮುಂಚೆ, ಕೆಲಸದವರ ಮನೆಯಿಂದ ಒಬ್ಬೊಬ್ಬರು ಅದರಲ್ಲಿ ಕೂರಬಹುದಂತೆ. ಅಪ್ಪ ಹೂಂ ಅಂದರೆ ಟಿಕೆಟ್ ತೆಗೆಯುತ್ತೇನೆಂದು ಕಾಯುತ್ತಿದ್ದಳು. ಅವಳು ಕಳಿಸಿದ ವಿಡಿಯೋವನ್ನು ಅವನು ಊಟದ ತಟ್ಟೆ ಮುಂದಿಟ್ಟುಕೊಂಡೇ ನೋಡಿದ. ಬಂಡಿ ಆಮೆಯ ಹಾಗೆ ಏರಿತು, ತುದಿಯಲ್ಲಿ ಒಂದು ಗಳಿಗೆ ನಿಂತಿತು, ಆಮೇಲೆ ನೆಟ್ಟಗೆ ಕೆಳಕ್ಕೆ ಬಿತ್ತು.

"ಬಾವಿಗೆ ಇಳಿಯೋವಾಗ ಗೋಡೆ ಮೇಲಿಂದ ಕಣ್ಣು ತೆಗೆಯೋ ಹಾಗಿಲ್ಲ," ಎಂದ ಹೆಂಡತಿಗೆ. "ಯಾವ ಕಲ್ಲು ಸಡಿಲ, ಯಾವ ಸಂದಿಯಲ್ಲಿ ಹಾವು. ಒಂದ್ಸಲನಾದ್ರೂ ಏನೂ ನೋಡದೆ ಕೆಳಗೆ ಹೋಗ್ಬೇಕು ಕಣೇ."

"ಕಣ್ಣು ಮುಚ್ಕೊಂಡು ಅಟ್ಟದ ಏಣಿ ಇಳೀರಿ, ಇಲ್ಲೇ ಆಗುತ್ತೆ," ಎಂದಳು. ಆದರೂ ಮರುದಿನ ಪೆಟ್ಟಿಗೆಯಿಂದ ಅವನ ಉಣ್ಣೆಯ ಅಂಗಿ ತೆಗೆದು ಬಿಸಿಲಿಗೆ ಹಾಕಿದಳು.

ಆಗ ಶಾಲೆಯ ಹಿಂದಿನ ಬಾವಿಯ ಕೆಲಸ ನಡೆದಿತ್ತು. ಭಾಮೈದನಿಗೂ ವಿಡಿಯೋ ತೋರಿಸಿ, ಭಾವ ಕಟ್ಟಲೆಯ ಮಾತಿನಲ್ಲೇ ಕೇಳಿದ: "ಇಳೀಲಾ?"

"ಬಾವಿಗಾ, ಈ ಬೀಳೋ ಬಂಡಿಗಾ?"

"ಎರಡಕ್ಕೂ."

"ಬಾವಿಗೆ ಇಳಿ. ಬಂಡಿಗೆ ಇವತ್ತು ಬೇಡ."

ತಮಾಷೆಯೆಂದು ಭಾವ ನಕ್ಕ. ಭಾಮೈದ ನಗಲಿಲ್ಲ. ಮರುದಿನ ಕೇಳಿದಾಗಲೂ ಅದೇ ಉತ್ತರ, ಅದರ ಮರುದಿನವೂ ಅದೇ.

"ಕಟ್ಟಲೆ ಇರೋದು ಬಾವಿಗೆ," ಎಂದಳು ಹೆಂಡತಿ. "ಸಮುದ್ರದಾಚೆಯ ಬಂಡಿಗೆ ನನ್ನ ತಮ್ಮ ಯಾವ ಊರಿನ ಯಜಮಾನ? ಹೋಗ್ಬನ್ನಿ ಅತ್ಲಾಗೆ."

"ಅವನು ಬೇಡ ಅಂದಾಗ ಇಳಿದೋನಲ್ಲ ನಾನು. ಮೀರಿ ಹೋದ್ರೆ, ಬಂದ ಮೇಲೆ ಯಾವ ಮುಖ ಇಟ್ಕೊಂಡು ಅವನ ಹಗ್ಗ ಸೊಂಟಕ್ಕೆ ಕಟ್ಕೊಳ್ಳಲಿ?"

ಮಗಳಿಗೆ ಉತ್ತರ ಹೇಳಲೇಬೇಕಾದ ದಿನ ಬಂತು. ಭಾವ ಬಾವಿಯ ಹತ್ತಿರ ಬರುವಷ್ಟರಲ್ಲಿ ಭಾಮೈದ ಹಗ್ಗವನ್ನು ತನ್ನ ಸೊಂಟಕ್ಕೇ ಬಿಗಿದುಕೊಳ್ಳುತ್ತಿದ್ದ.

"ಇದೇನೋ, ಗ್ರಹಚಾರ ನೆಟ್ಟಗಿಲ್ವಾ?"

"ಬೀಳೋದು ಕಲಿಯೋಕೆ ಹೊರಟಿದ್ದೀಯಲ್ಲ ಭಾವ, ಮೊದಲು ಮೇಲೆ ನಿಂತು ಹಿಡಿಯೋದು ಕಲಿ. ಕೆಳಗೆ ಅಂಥದ್ದೇನಿದೆ ಅಂತ ನಾನೂ ನೋಡ್ತೀನಿ."

ಭಾವ ಕಟ್ಟೆಗೆ ಕಾಲು ಕೊಟ್ಟು, ರಾಟೆಯ ಮೇಲೆ ಹಗ್ಗ ಬಿಡುತ್ತ ಹೋದ. ಕೆಳಗಿನವನು ಗೋಡೆಗೆ ಪಾದ ಊರಿದ್ದು, ಜಾರಿದ್ದು, ಮತ್ತೆ ಊರಿದ್ದು ಎಲ್ಲವೂ ಅಂಗೈಗೆ ತಿಳಿಯುತ್ತಿತ್ತು. ಇದ್ದಕ್ಕಿದ್ದಂತೆ ಹಗ್ಗ ಸಡಿಲವಾಯಿತು. ನೆಲ ಸಿಕ್ಕಿರಬೇಕು. ಆ ಒಂದು ಎಳೆತಕ್ಕೆ ಕಾದ. ಬರಲಿಲ್ಲ.

ಬಗ್ಗಿ ನೋಡಿದ, ಕತ್ತಲು. ಕೂಗಿದ, ಕೆಳಗಿನಿಂದ ಬಂದ ಸದ್ದು ಅವನದೋ ತನ್ನದೇ ಮಾರ್ದನಿಯೋ ಗೊತ್ತಾಗಲಿಲ್ಲ. ತಳದಲ್ಲಿ ಕೆಟ್ಟ ಗಾಳಿ ಕೂತಿದ್ದರೆ? ಮೇಲೆಳೆಯೋಣವೆಂದರೆ, ಬಗ್ಗಿ ನಿಂತವನ ತಲೆ ಗೋಡೆಗೆ ಬಡಿದೀತು. ಶಾಲೆಯ ಗಂಟೆ ಹೊಡೆಯಿತು, ಮಕ್ಕಳು ಹೊರಬಂದು ಗದ್ದಲವೆಬ್ಬಿಸಿದರು. ಅಂಗೈ ಬೆವರಿತು. ಒಂದೊಂದೇ ಕೈಯನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಹಿಡಿದ. ಹಿಡಿದ ಹಗ್ಗದಲ್ಲಿ ಅಲುಗಾಟವೇ ಇರಲಿಲ್ಲ.

ಮಕ್ಕಳು ಒಳಗೆ ಹೋದ ಮೇಲೆ ಮೂರು ಎಳೆತ ಬಂತು.

ಭಾಮೈದ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಹಲ್ಲು ಬಿಡುತ್ತ ಮೇಲೆ ಬಂದ. "ನೆಲ ಸಿಕ್ಕಿದ್ರೆ ಎಳೀಬೇಕು ಅನ್ನೋದೇ ಮರೆತೋಯ್ತು ಭಾವ! ಇಷ್ಟು ವರ್ಷ ನೀನು ಎಳೆದಿದ್ದು ಕೇಳಿಸ್ಕೊಂಡೇ ಅಭ್ಯಾಸ ನೋಡು. ಎಷ್ಟು ತಣ್ಣಗಿದೆ ಅಲ್ಲಿ! ಸುಮ್ನೆ ಕೂತ್ಬಿಟ್ಟಿದ್ದೆ."

"ಮುಠ್ಠಾಳ," ಎಂದ ಭಾವ.

"ಬಂಡಿ ವಿಷಯ ಇವತ್ತು ನೀನಿನ್ನೂ ಕೇಳಿಲ್ಲ. ಕೇಳು, ಆಗ್ಲಿ ಅಂತೀನಿ."

ಭಾವ ಹಗ್ಗ ಸುತ್ತುತ್ತಿದ್ದ.

"ಕೇಳು ಅಂದ್ನಲ್ಲ. ನೀನು ಕೇಳದೆ ನಾನು ಹೇಳೋ ಹಾಗಿಲ್ಲ."

"ಕೇಳಲ್ಲ ಬಿಡೋ."

ಸಂಜೆ ಮಗಳ ಫೋನ್ ಬಂತು. ಬರುವುದಿಲ್ಲವೆಂದು ಹೇಳಿದ.

"ಹೆದರಿಕೆನಾ ಅಪ್ಪಾ?"

"ಹೂಂ."

ಅವಳು ತುಂಬ ಹೊತ್ತು ನಕ್ಕಳು. ಪಕ್ಕದಲ್ಲಿದ್ದ ಯಾರಿಗೋ ಅವರ ಭಾಷೆಯಲ್ಲಿ ಹೇಳಿದಳು, ಅವರೂ ನಕ್ಕರು. "ಪಾತಾಳಕ್ಕೆ ಇಳಿಯೋ ನಮ್ಮಪ್ಪ ಬಂಡಿಗೆ ಹೆದರಿದ್ರಂತೆ!" ಅವನು ನಗು ಮುಗಿಯುವವರೆಗೆ ಕಾದ.

"ಅಲ್ಲಮ್ಮಾ, ಬಂಡಿ ಕೆಳಗೆ ಬಂತು ಅಂತ ಮೇಲಿರೋರಿಗೆ ಹೇಗೆ ಗೊತ್ತಾಗುತ್ತೆ?"

"ಹಸಿರು ದೀಪ ಹತ್ತುತ್ತಪ್ಪ."

"ಯಾವತ್ತೂ ಮರೆಯಲ್ವಾ?"

"ಅದು ಮಷಿನ್ನು ಅಪ್ಪ, ಮರೆಯೋಕೆ ಮನುಷ್ಯನಾ?"

"ಒಳ್ಳೇದು," ಎಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟ.