ಒಂಬತ್ತನೇ ಗ್ರಹಕ್ಕೆ ಸಾಲದ ಇಂಧನ

ಬೀದಿಯವರಿಗೆಲ್ಲ ಅವಳು ರಿಪೇರಿ ಅಕ್ಕ. ಮನೆಯಲ್ಲಿ ಮಾತ್ರ ವಯಸ್ಸು ನಲವತ್ತು ಮುಟ್ಟಿದರೂ ಇನ್ನೂ ಪುಟ್ಟಿ. ಕೆಟ್ಟುಹೋದ ಕಂಪ್ಯೂಟರುಗಳನ್ನು ಸರಿಮಾಡಿ ಹೊಟ್ಟೆ ಹೊರೆಯುತ್ತಿದ್ದಳು; ಹಳೆಯ ಕಂಪ್ಯೂಟರ್ ಆಟಗಳನ್ನು ಹೊಸ ಕಂಪ್ಯೂಟರುಗಳಲ್ಲಿ ಮತ್ತೆ ಓಡುವಂತೆ ಮಾಡಿ ಮನಸ್ಸು ತುಂಬಿಕೊಳ್ಳುತ್ತಿದ್ದಳು. ಅದರಲ್ಲೂ ಬಾಹ್ಯಾಕಾಶದ ಆಟಗಳೆಂದರೆ ಪ್ರಾಣ. ಆ ಕೆಲಸಕ್ಕೆ ಅವಳದೊಂದು ನಿಯಮವಿತ್ತು: ಮಾಡಿದವರು ಹೇಗೆ ಮಾಡಿದ್ದರೋ ಹಾಗೇ ಓಡಬೇಕು. ತಪ್ಪಿದ್ದರೆ ತಪ್ಪಿನ ಸಮೇತ.

ಇಷ್ಟೆಲ್ಲ ಊರವರ ಆಟಗಳಿಗೆ ಜೀವ ಕೊಟ್ಟವಳು ಸ್ವಂತ ಮನೆಯ ಆಟವನ್ನು ಮಾತ್ರ ಮುಟ್ಟಿರಲಿಲ್ಲ. ಧೈರ್ಯ ಸಾಲದೇ, ಅಷ್ಟೇ.

ಮೂವತ್ತೊಂದು ವರ್ಷದ ಹಿಂದೆ ಅವಳ ಅಪ್ಪ ಮತ್ತು ದೊಡ್ಡಪ್ಪ ಸೇರಿ ಆ ಆಟ ಮಾಡಿದ್ದರು. ದೊಡ್ಡಪ್ಪನದು ಗಡಿಯಾರ ರಿಪೇರಿ ಅಂಗಡಿ; ಪುಸ್ತಕ ನೋಡಿಕೊಂಡು ತಾನೇ ಪ್ರೋಗ್ರಾಂ ಬರೆಯಲು ಕಲಿತಿದ್ದರು. ಅಪ್ಪ ಅಂಗಡಿಗಳ ಬೋರ್ಡು ಬರೆಯುವವರು. ಚೌಕುಳಿ ಕಾಗದದ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಒಂಬತ್ತು ಗ್ರಹಗಳ ಚಿತ್ರ ಬಿಡಿಸಿದ್ದರು. ಊರಿನ ಕಂಪ್ಯೂಟರ್ ಕ್ಲಬ್ಬಿನಲ್ಲಿ ಇದ್ದದ್ದು ಒಂದೇ ಯಂತ್ರ. ಬೆಳಿಗ್ಗೆ ಅಣ್ಣ ಅದರ ಮುಂದೆ ಕೂತು ಬರೆಯುವುದು, ಸಂಜೆ ತಮ್ಮ ಬಂದು ತನ್ನ ಚಿತ್ರಗಳು ಹೇಗೆ ಕಾಣುತ್ತವೆಂದು ನೋಡುವುದು. ಹೀಗೆ ಒಂದು ವರ್ಷ ನಡೆಯಿತು; ಒಂಬತ್ತನೇ ಗ್ರಹವನ್ನು ಮಾತ್ರ ಪ್ರದರ್ಶನದ ದಿನವೇ ತೋರಿಸುತ್ತೇನೆ ಅಂದಿದ್ದರು ಅಣ್ಣ.

ಆಟ ಸುಲಭದ್ದು. ಬಾಹ್ಯಾಕಾಶ ನೌಕೆಯೊಂದು ಗ್ರಹದಿಂದ ಗ್ರಹಕ್ಕೆ ಹೋಗಬೇಕು. ಪ್ರತಿ ಗ್ರಹದಲ್ಲೂ ಇಂಧನದ ಟ್ಯಾಂಕ್ ಭರ್ತಿಯಾಗುತ್ತದೆ. ಕೊನೆಯದು ಒಂಬತ್ತನೇ ಗ್ರಹ, ಎಲ್ಲಕ್ಕಿಂತ ದೂರದ್ದು. ಕ್ಲಬ್ಬಿನಲ್ಲಿ ಪ್ರದರ್ಶನದ ದಿನ ನಲವತ್ತು ಜನ ಸಾಲುಗಟ್ಟಿ ಆಡಿದರು. ಒಬ್ಬರಾದರೂ ಒಂಬತ್ತನೆಯದನ್ನು ಮುಟ್ಟಲಿಲ್ಲ. ಎಲ್ಲರಿಗೂ ನಡುದಾರಿಯಲ್ಲಿ ಇಂಧನ ಮುಗಿಯಿತು.

ಅಪ್ಪನಿಗೆ ಮೊದಲೇ ಹೊಟ್ಟೆಯಲ್ಲಿ ಒಂದು ಕಿಚ್ಚಿತ್ತು. ಆಟದ ಮೊದಲ ಪರದೆಯಲ್ಲಿ ಅಣ್ಣನ ಹೆಸರಿತ್ತು, ತಮ್ಮನದಿರಲಿಲ್ಲ. ಈಗ ಒಂದಿಡೀ ತಿಂಗಳು ಕೂತು ಬಿಡಿಸಿದ ಒಂಬತ್ತನೇ ಗ್ರಹವೂ ಇಲ್ಲ! ನಲವತ್ತು ಜನರ ಎದುರಿಗೇ ಕೂಗಾಡಿಬಿಟ್ಟರು: "ನನ್ನ ಚಿತ್ರ ಕಿತ್ತು ಬಿಸಾಕಿದೀಯ. ಅಲ್ಲಿಗೆ ಯಾರೂ ಹೋಗಬಾರದು ಅಂತ ದಾರೀನೂ ಮುಚ್ಚಿದೀಯ." ತನ್ನ ಆಟವನ್ನು ಬೇರೆಯವರು ಆಡುವುದನ್ನು ನೋಡಲು ಎದೆ ಸಾಲದೆ ಬಾಗಿಲಾಚೆ ನಿಂತಿದ್ದ ದೊಡ್ಡಪ್ಪ ಒಳಗೆ ಬಂದು, "ಅಲ್ಲೇ ಇದೆ, ಹೋಗಿ ನೋಡು" ಅಂದರು. "ಸುಳ್ಳುಗಾರ!" ಅಂದರು ಅಪ್ಪ. ದೊಡ್ಡಪ್ಪ ಆಟ ತುಂಬಿದ್ದ ಫ್ಲಾಪಿಯನ್ನು ಜೇಬಿಗಿಳಿಸಿ ಹೊರಟುಹೋದರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಮನೆಗಳ ನಡುವೆ ಎರಡೇ ಬೀದಿ. ಹೇಳುವುದೇನಿದ್ದರೂ ಪುಟ್ಟಿಯ ಮೂಲಕ. "ನಿಮ್ಮ ದೊಡ್ಡಪ್ಪನಿಗೆ ಹೇಳು, ಛತ್ರಿ ವಾಪಸ್ ಕಳಿಸಲಿ ಅಂತ." "ನಿಮ್ಮಪ್ಪನಿಗೆ ಹೇಳು, ಛತ್ರಿ ನಂದೇ ಅಂತ." ಒಂಬತ್ತನೇ ವಯಸ್ಸಿನಿಂದ ಅವಳು ಈ ಅಂಚೆ ಹೊತ್ತು ಹೊತ್ತು ಸುಸ್ತಾಗಿದ್ದಳು.

ಹೀಗಿರುವಾಗ ಊರಿನ ಗ್ರಂಥಾಲಯದಲ್ಲಿ ಹಳೆಯ ಕಂಪ್ಯೂಟರ್ ಆಟಗಳ ಪ್ರದರ್ಶನ ಏರ್ಪಾಡಾಯಿತು. ಗ್ರಂಥಪಾಲಕಿ ಒಂದು ಅರ್ಜಿ ಕೊಟ್ಟು, "ನಿಮ್ಮ ಮನೆಯವರ ಆಟಕ್ಕೇ ಮೊದಲ ಮೇಜು ಇಟ್ಟಿದೀನಿ. ಮಾಡಿದವರಿಬ್ಬರ ಸಹಿ ಬೇಕು, ಶುಕ್ರವಾರ ಸಂಜೆಯೊಳಗೆ," ಅಂದರು.

ದೊಡ್ಡಪ್ಪ ಫ್ಲಾಪಿಯನ್ನೇನೋ ಕೊಟ್ಟರು. "ನನ್ನನ್ನು ಸುಳ್ಳುಗಾರ ಅಂದಿದ್ದು ತಪ್ಪು ಅಂತ ಅವನು ಹೇಳ್ಲಿ, ಸಹಿ ಹಾಕ್ತೀನಿ," ಎಂಬ ಷರತ್ತಿನ ಜೊತೆಗೆ. ಅಪ್ಪನ ಷರತ್ತು ಇನ್ನೂ ಬಿಗಿ. "ಒಂಬತ್ತನೇ ಗ್ರಹ ಕಣ್ಣಾರೆ ನೋಡಬೇಕು. ಆಡಿಯೇ ಅಲ್ಲಿಗೆ ಹೋಗಬೇಕು. ನೀನು ಒಳಗೆ ಕೈಹಾಕಿ ಅದೇನೋ ತೆಗೆದು ತೋರಿಸಿದರೆ ನಂಬೋದಿಲ್ಲ. ನೀನೇ ಸೇರಿಸಿದೆ ಅಂತೀನಿ."

"ಅಪ್ಪ, ಒಂದು ವೇಳೆ ಅಲ್ಲಿ ಏನೂ ಇಲ್ಲದೇ ಹೋದರೆ?"

"ಇಲ್ಲದೇ ಹೋದರೆ ಇಲ್ಲ. ನಾನು ಹೇಳಿದ್ದು ನಿಜ ಅಂತಾಯ್ತು."

ಪುಟ್ಟಿಗೆ ಹೆದರಿಕೆ ಇದ್ದದ್ದು ಅದಕ್ಕೇ. ಗ್ರಹ ಸಿಗದಿದ್ದರೆ ದೊಡ್ಡಪ್ಪನನ್ನು ಸುಳ್ಳುಗಾರನೆಂದು ಸಾಬೀತು ಮಾಡಿದವಳು ತಾನೇ ಆಗುತ್ತಾಳೆ. ಆಮೇಲೆ ಈ ಇಬ್ಬರನ್ನು ಒಂದು ಕೋಣೆಯಲ್ಲಿ ಕೂರಿಸುವ ಆಸೆಯನ್ನು ಶಾಶ್ವತವಾಗಿ ಬಿಡಬೇಕು.

ಸೋಮವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸ್ಕ್ರೂ ಡಬ್ಬಿ, ಬೆಸುಗೆ ಕಡ್ಡಿ, ತಂತಿಯ ಸುರುಳಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಫ್ಲಾಪಿಯನ್ನು ನಕಲು ಮಾಡಿಕೊಂಡಳು. ಪುಣ್ಯಕ್ಕೆ ಅದು ಕೆಟ್ಟಿರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಓಡಿಸಿದರೆ, ನಕ್ಷತ್ರಗಳೆಲ್ಲ ಬಿಳಿ ಗೆರೆಗಳಾಗಿ ಹಾರಿಹೋದವು, ಟ್ಯಾಂಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಬರಿದಾಯಿತು, ನೌಕೆ ನೆಲ ಬಿಟ್ಟು ಒಂದಿಂಚೂ ಏಳಲಿಲ್ಲ. ಇದೇನೂ ಹೊಸದಲ್ಲ, ಹಳೆಯ ಆಟಗಳು ಯಂತ್ರದ ವೇಗಕ್ಕೆ ತಕ್ಕಂತೆ ಓಡುತ್ತವೆ, ಇಂದಿನ ಯಂತ್ರಗಳಿಗೋ ತಾಳ್ಮೆಯೆಂಬುದೇ ಇಲ್ಲ. ಹೊಸ ಕಂಪ್ಯೂಟರಿಗೆ ಹಳೆಯದರ ವೇಷ ತೊಡಿಸುವ ತಂತ್ರಾಂಶ ಅವಳ ಬಳಿ ಇತ್ತು. ವೇಗ ಎಷ್ಟಿರಬೇಕು ಎಂಬುದನ್ನು ಮಾತ್ರ ಕಂಡವರೇ ಹೇಳಬೇಕು.

ಅಪ್ಪನನ್ನು ಕರೆಸಿ ಪಕ್ಕದಲ್ಲಿ ಕೂರಿಸಿದಳು. ಅಪ್ಪ ಟೀ ಲೋಟ ಹಿಡಿದು ಯಜಮಾನರ ಗತ್ತಿನಲ್ಲಿ, "ಇನ್ನೂ ನಿಧಾನ... ಅಷ್ಟಲ್ಲ... ಸ್ವಲ್ಪ ಜೋರು... ಹಾಂ! ಇದೇ. ನೌಕೆ ಹಿಂದಿನ ಬೆಂಕಿ ನೋಡು, ಹೇಗೆ ಧಗಧಗ ಅಂತಿದೆ! ನಾಲ್ಕು ಚಿತ್ರ ಬಿಡಿಸಿದ್ದೆ ಅದೊಂದಕ್ಕೇ," ಅಂದರು. ಮುಖದಲ್ಲಿ ಮೂವತ್ತೊಂದು ವರ್ಷ ಇಳಿದುಹೋಗಿತ್ತು.

"ಒಂಬತ್ತನೆಯದರಲ್ಲಿ ಏನು ಬಿಡಿಸಿದ್ದೆ?"

"ನೇರಳೆ ನೆಲ. ಎರಡು ಚಂದ್ರ. ಮಧ್ಯೆ ಒಂದು ಪುಟ್ಟ ಅಂಗಡಿ. ಎಷ್ಟು ದೂರ ಹೋದರೂ ಅಲ್ಲೊಂದು ಅಂಗಡಿ ಇರಲಿ ಅಂತ. ಅದರ ಬೋರ್ಡಿನಲ್ಲಿ ಏನು ಬರೀಬೇಕು ಅಂತ ಹೊಳೀಲಿಲ್ಲ, ಖಾಲಿ ಬಿಟ್ಟೆ. ಬೋರ್ಡು ಬರೆಯೋನಿಗೇ ಹೊಳೀಲಿಲ್ಲ ನೋಡು." ಅಪ್ಪ ನಕ್ಕರು, ಆಮೇಲೆ ನೆನಪಾಗಿ ಮುಖ ಊದಿಸಿಕೊಂಡರು.

ಮೂರು ದಿನ ಪುಟ್ಟಿ ಗಿರಾಕಿಗಳನ್ನೆಲ್ಲ ಕಾಯಿಸಿ ಆಡಿದಳು. ಬೆರಳು ನೋವು ಬಂತು. ಎಂಟನೆಯ ಗ್ರಹದವರೆಗೆ ಹೇಗೋ ಏದುಸಿರು ಬಿಡುತ್ತ ಹೋಗುವುದು, ಒಂಬತ್ತನೆಯದರ ಅರ್ಧ ದಾರಿಯಲ್ಲಿ ಇಂಧನ ಮುಗಿಯುವುದು. ಇಪ್ಪತ್ತೇಳು ಸಲ ಆಡಿದರೂ ಅದೇ ಹಣೆಬರಹ. ದೊಡ್ಡಪ್ಪ ನಿಜಕ್ಕೂ ದಾರಿ ಮುಚ್ಚಿರಬಹುದೇ ಎಂಬ ಅನುಮಾನ ಮೊದಲ ಬಾರಿಗೆ ತಲೆಹಾಕಿತು. ತನಗೇ ನಾಚಿಕೆಯಾಯಿತು.

ಗುರುವಾರ ಲ್ಯಾಪ್‌ಟಾಪ್ ಹಿಡಿದು ಗಡಿಯಾರದಂಗಡಿಗೆ ಹೋದಳು. ನಾಲ್ಕು ಗೋಡೆಯ ಮೇಲೂ ಗಡಿಯಾರ. ಎಲ್ಲವೂ ಒಂದೇ ಸಮಯ ತೋರಿಸುತ್ತಿದ್ದವು. ಅದು ದೊಡ್ಡಪ್ಪನ ಮರ್ಯಾದೆಯ ಪ್ರಶ್ನೆ. ಅವರು ಕಣ್ಣಿನ ಭೂತಗನ್ನಡಿ ತೆಗೆದಿಟ್ಟು ಪರದೆ ನೋಡಿದರು. ಆಟ ಶುರುವಾಗಿ ಅರೆಗಳಿಗೆಯಲ್ಲೇ ಹುಬ್ಬು ಗಂಟಿಕ್ಕಿತು.

"ಇದು ನನ್ನ ಆಟ ಅಲ್ಲ."

"ನಿಮ್ಮ ಫ್ಲಾಪಿಯದೇ, ದೊಡ್ಡಪ್ಪ."

"ನಕ್ಷತ್ರ ಈ ಕಡೆಯಿಂದ ಆ ಕಡೆಗೆ ಹೋಗೋಕೆ ಹನ್ನೆರಡು ಸೆಕೆಂಡ್ ಬೇಕು. ದಿನಾ ಬೆಳಿಗ್ಗೆ ಗಡಿಯಾರ ಹಿಡಿದು ನೋಡ್ತಿದ್ದೆ." ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಎಣಿಸಿದರು. "ನೋಡು. ಆರು."

"ಅಪ್ಪ ಇದೇ ವೇಗ ಅಂದ್ರು. ಆಣೆ ಮಾಡೋಕೂ ತಯಾರು."

"ನಿಮ್ಮಪ್ಪನಿಗೆ ಬಣ್ಣ ಗೊತ್ತು. ಹೊತ್ತು ಗೊತ್ತಿಲ್ಲ."

ಪುಟ್ಟಿ ತಲೆ ಕೆರೆದುಕೊಂಡಳು. "ಆದ್ರೆ ದೊಡ್ಡಪ್ಪ, ಎರಡರಷ್ಟು ವೇಗದಲ್ಲಿ ಓಡಿದ್ರೆ ನೌಕೆಯೂ ಬೇಗ ತಲುಪಬೇಕಲ್ಲ? ಯಾವ ವೇಗ ಇಟ್ಟರೂ ಪ್ರಯಾಣದ ಹೊತ್ತು ಮಾತ್ರ ಬದಲಾಗ್ತಾನೇ ಇಲ್ಲ."

ದೊಡ್ಡಪ್ಪನಿಗೆ ಜಂಬ ಉಕ್ಕಿತು. "ಅದೇ ನನ್ನ ಜಾಣತನ. ನೌಕೆ ಹೋಗೋದನ್ನ ಕಂಪ್ಯೂಟರಿನ ಒಳಗಿನ ಗಡಿಯಾರಕ್ಕೆ ಕಟ್ಟಿದೀನಿ. ಯಾವ ಯಂತ್ರದಲ್ಲಿ ಆಡಿದರೂ ಪ್ರಯಾಣ ಕರಾರುವಾಕ್ಕು. ಗಡಿಯಾರದವನು ಬರೆದ ಆಟ ಅಂದಮೇಲೆ ಅಷ್ಟೂ ಇಲ್ಲದಿದ್ದರೆ ಹೇಗೆ?"

"ಮತ್ತೆ ಇಂಧನ?"

"ಇಂಧನ..." ದೊಡ್ಡಪ್ಪ ಪರದೆಯ ಮೇಲಿನ ಟ್ಯಾಂಕಿನ ಗೆರೆಗೆ ಬೆರಳಿಟ್ಟರು. ಗೋಡೆಯ ಗಡಿಯಾರಗಳು ಟಿಕಟಿಕ ಅನ್ನುತ್ತಿದ್ದವು. "ಇಂಧನ, ಬೆಂಕಿ, ನಕ್ಷತ್ರ ಇವನ್ನೆಲ್ಲ ಯಂತ್ರದ ಪಾಡಿಗೆ ಬಿಟ್ಟಿದ್ದೆ."

ಅಂದರೆ ನೌಕೆ ಗಡಿಯಾರ ನೋಡಿಕೊಂಡು ಹೋಗುತ್ತದೆ, ಇಂಧನ ಯಂತ್ರದ ವೇಗ ನೋಡಿಕೊಂಡು ಉರಿಯುತ್ತದೆ. ಯಂತ್ರ ಎರಡರಷ್ಟು ಜೋರಾದರೆ ಇಂಧನ ಅರ್ಧ ದಾರಿಗೇ ಮುಗಿಯುತ್ತದೆ. ಬೇರೆ ಗ್ರಹಗಳಿಗೆ ಅರ್ಧ ಟ್ಯಾಂಕ್ ಸಾಕು. ಒಂಬತ್ತನೆಯದಕ್ಕೆ ಪೂರ್ತಿ ಬೇಕು. ಜೀವಮಾನವಿಡೀ ಊರಿನ ಗಡಿಯಾರಗಳನ್ನೆಲ್ಲ ತಿದ್ದಿದ ಮನುಷ್ಯ ತನ್ನ ಆಟದೊಳಗೇ ಎರಡು ಹೊತ್ತು ಬಿಟ್ಟಿದ್ದರು. ಅವರು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತರು.

"ಆದರೆ ಕ್ಲಬ್ಬಿನಲ್ಲಿ ಇದ್ದದ್ದು ಒಂದೇ ಯಂತ್ರ, ಪುಟ್ಟಿ. ಬೆಳಿಗ್ಗೆ ಹನ್ನೆರಡು ಇದ್ದದ್ದು ಪ್ರದರ್ಶನಕ್ಕೆ ಆರು ಹೇಗಾಯ್ತು?"

ಪುಟ್ಟಿಗೆ ಥಟ್ಟನೆ ಹೊಳೆಯಿತು. ಆದರೆ ಅದನ್ನು ಮೊದಲು ಅಪ್ಪನ ಬಾಯಿಂದಲೇ ಕೇಳಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಅಟ್ಟದಿಂದ ಆ ಕಾಲದ ಕಂಪ್ಯೂಟರಿನ ಹಳದಿಗಟ್ಟಿದ ಡಬ್ಬವೊಂದನ್ನು ಇಳಿಸಿ, ಧೂಳು ಒರೆಸಿ, ಅಪ್ಪನ ಮುಂದೆ ಇಟ್ಟಳು. ಮುಂಭಾಗದಲ್ಲಿ ಒಂದು ಚೌಕದ ಗುಂಡಿ. ಆ ಕಾಲದಲ್ಲಿ ಅದನ್ನು ಟರ್ಬೋ ಗುಂಡಿ ಅನ್ನುತ್ತಿದ್ದರು. ಒಮ್ಮೆ ಒತ್ತಿದರೆ ಯಂತ್ರ ಜೋರಾಗುತ್ತಿತ್ತು, ಮತ್ತೊಮ್ಮೆ ಒತ್ತಿದರೆ ನಿಧಾನ.

"ಅಪ್ಪ, ಇದರ ಗುರುತಿದೆಯಾ?"

ಅಪ್ಪ ಗುಂಡಿಯನ್ನೇ ನೋಡಿದರು. ಟೀ ಲೋಟ ಕೆಳಗಿಟ್ಟರು. "ಬೆಂಕಿ ನಿಂತು ನಿಂತು ಉರೀತಿತ್ತು," ಅಂದರು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಧ್ವನಿಯಲ್ಲಿ. "ಇದನ್ನ ಒತ್ತಿದರೆ ಧಗಧಗ ಅಂತ ಚೆನ್ನಾಗಿ ಕಾಣ್ತಿತ್ತು. ದಿನಾ ಸಂಜೆ ಒತ್ತಿಟ್ಟೇ ನೋಡ್ತಿದ್ದೆ, ಹೋಗುವಾಗ ಮತ್ತೆ ಒತ್ತಿ ಮೊದಲಿನ ಹಾಗೆ ಮಾಡ್ತಿದ್ದೆ. ಪ್ರದರ್ಶನದ ದಿನ ಜನ ಬರೋದಕ್ಕೆ ಮುಂಚೆ ನಾನೇ ಒತ್ತಿದೆ. ಅಣ್ಣನಿಗೆ ಹೇಳಲಿಲ್ಲ. ಚಿತ್ರ ನಂದು ತಾನೇ, ಹೇಳೋದೇನು ಅಂತ."

ಪುಟ್ಟಿ ಇಂಧನದ ಕಥೆ ಬಿಡಿಸಿ ಹೇಳಿದಳು. ಅಪ್ಪ ತಮ್ಮ ಉಗುರಿಗೆ ಹಿಡಿದಿದ್ದ ಬಣ್ಣವನ್ನು ಕೆರೆದರು.

"ದಾರಿ ಮುಚ್ಚಿದ್ದು ನಾನೇ ಅಂತಾಯ್ತು. ನೀನು... ನಿಮ್ಮ ದೊಡ್ಡಪ್ಪನಿಗೆ ಹೇಳಿಬಿಡು."

"ಊಹೂಂ. ಅಂಚೆ ಇವತ್ತಿಗೆ ಬಂದ್."

"ಪುಟ್ಟೀ..."

"ಎರಡೇ ಬೀದಿ ಅಪ್ಪ. ಎದ್ದೇಳು."

ಗಡಿಯಾರದಂಗಡಿಯ ಹೊಸ್ತಿಲಲ್ಲಿ ಅಪ್ಪ ಕಂಬದ ಹಾಗೆ ನಿಂತರು. ಅಣ್ಣ ತಲೆ ಎತ್ತಿದರು. ಅಪ್ಪ ಗಾಳಿಯಲ್ಲೇ ಒಂದು ಬೆರಳು ಚಾಚಿ ಗುಂಡಿ ಒತ್ತಿ ತೋರಿಸಿದರು, ಆಮೇಲೆ ಅದೇ ಬೆರಳಿನಿಂದ ತಮ್ಮ ಎದೆ ತೋರಿಸಿಕೊಂಡರು. ದೊಡ್ಡಪ್ಪ ಬುದ್ಧಿವಂತರು, ಒಂದೇ ಸಲಕ್ಕೆ ಅರ್ಥ ಮಾಡಿಕೊಂಡರು. ಪಕ್ಕದ ಸ್ಟೂಲಿನ ಮೇಲಿದ್ದ ಬಿಡಿಭಾಗಗಳ ಡಬ್ಬಿ ತೆಗೆದು ಜಾಗ ಮಾಡಿದರು.

ಪುಟ್ಟಿ ಲ್ಯಾಪ್‌ಟಾಪ್ ತೆರೆದು ನಕ್ಷತ್ರದ ಹನ್ನೆರಡು ಸೆಕೆಂಡಿಗೆ ವೇಗ ಹೊಂದಿಸಿದಳು. ದೊಡ್ಡಪ್ಪ ಇಂಧನದ ಕೀಲಿ ಹಿಡಿದರು, ಅಪ್ಪ ದಿಕ್ಕಿನ ಕೀಲಿ. ಬೆಂಕಿ ನಿಂತು ನಿಂತು ಉರಿಯಿತು. ಅಪ್ಪ ಹಲ್ಲು ಕಚ್ಚಿ ಸಹಿಸಿದರು. ಎರಡು, ಮೂರು, ಐದು, ಎಂಟು. ಎಂಟರಿಂದ ನೌಕೆ ಹೊರಟಿತು. ಅರ್ಧ ದಾರಿ ದಾಟಿತು. ಟ್ಯಾಂಕಿನಲ್ಲಿ ಒಂದೇ ಒಂದು ಕೆಂಪು ಗೆರೆ ಉಳಿದಿರುವಾಗ ಪರದೆಯ ತುಂಬ ನೇರಳೆ ನೆಲ ಹರಡಿಕೊಂಡಿತು.

ಎರಡು ಚಂದ್ರ. ಪುಟ್ಟ ಅಂಗಡಿ. ಅಪ್ಪ ಖಾಲಿ ಬಿಟ್ಟಿದ್ದ ಬೋರ್ಡು ಮಾತ್ರ ಖಾಲಿ ಇರಲಿಲ್ಲ. ಸೊಟ್ಟಪಟ್ಟ ಅಕ್ಷರಗಳಲ್ಲಿ ಅಲ್ಲಿ ಬರೆದಿತ್ತು: "ಒಂಬತ್ತು ಲೋಕದ ಚಿತ್ರಗಾರ, ನನ್ನ ತಮ್ಮ."

ಮೊದಲ ಪರದೆಯಲ್ಲಿ ಇಲ್ಲದ ಹೆಸರು ಕೊನೆಯ ಪರದೆಯಲ್ಲಿ ಮೂವತ್ತೊಂದು ವರ್ಷ ಕಾದು ಕೂತಿತ್ತು. ದೊಡ್ಡಪ್ಪ ಕೈಗಡಿಯಾರಕ್ಕೆ ಕೀ ಕೊಡುತ್ತ, ಅದು ತುಂಬಿದ ಮೇಲೂ ಕೊಡುತ್ತ ಕೂತಿದ್ದರು. ಪುಟ್ಟಿಗೆ ಅಳು ಬಂತು, ಸಂತೋಷವೂ ಆಯಿತು. ಯಾವುದನ್ನು ಮೊದಲು ಮಾಡುವುದೆಂದು ತಿಳಿಯಲಿಲ್ಲ.

ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಣ್ಣ," ಅಂದರು, "ಇದೇನೋ ಅಕ್ಷರ? ಕೋಳಿ ಕೆದರಿದ ಹಾಗಿದೆ."

"ನಿನ್ನ ಕೈಲೇ ಬರೆಸಿದ್ದರೆ ಗುಟ್ಟು ಉಳೀತಿತ್ತೇನೋ?" ದೊಡ್ಡಪ್ಪ ಕೈಗಡಿಯಾರ ಕೆಳಗಿಟ್ಟರು. "ಒಂದೊಂದೇ ಚೌಕ ಎಣಿಸಿ ಟೈಪ್ ಮಾಡಿದೀನಿ. ಬೆನ್ನು ಹೋಗಿತ್ತು."

"ಅವತ್ತೇ ಹೇಳಬಾರದಿತ್ತಾ, ಹೀಗೆ ಬರೆದಿದೀನಿ ಅಂತ?"

"ಹೇಳಿದೆನಲ್ಲ. ಹೋಗಿ ನೋಡು ಅಂತ."

ಅಪ್ಪ ಅಣ್ಣನ ಹೆಗಲ ಮೇಲೆ ಕೈ ಹಾಕಿ, ಮಗಳ ಕಡೆ ತಿರುಗಿ, "ಪುಟ್ಟಿ, ಈ ಅಕ್ಷರ ಸ್ವಲ್ಪ ನೇರ ಮಾಡೋಕಾಗುತ್ತಾ?" ಅಂದರು.

"ಆಗಲ್ಲ. ಇದ್ದದ್ದು ಇದ್ದ ಹಾಗೇ."

ಸಂಜೆ ಇಬ್ಬರ ಸಹಿಯಿದ್ದ ಅರ್ಜಿಯನ್ನು ಅವಳು ಗ್ರಂಥಾಲಯಕ್ಕೆ ಕೊಂಡೊಯ್ದಳು. ಹಿಂದೆ ಗಡಿಯಾರದಂಗಡಿಯಿಂದ ಬೀದಿಯ ತುದಿಯವರೆಗೂ ಜಗಳ ಕೇಳಿಸುತ್ತಿತ್ತು. ಈ ಸಲ ಛತ್ರಿ ಯಾರದೆಂದು. ಯಾರೂ ಅವಳನ್ನು ಕರೆದು ಏನನ್ನೂ ಹೇಳಿ ಕಳಿಸಲಿಲ್ಲ.