ನೆಲದಿಂದ ಏಳುವ ತರಗತಿ

"ನೀನ್ಯಾವಾಗಪ್ಪ ಕೆಳಗೆ ಬರೋದು?" ಎಂದು ಐಲಿ ಮಲಗಿದಲ್ಲಿಂದಲೇ ಕೇಳಿದರು.

ಹಸಿರು ಚಾಪೆಯ ಮೇಲೆ ಹನ್ನೊಂದು ಜನ ಮುದುಕ ಮುದುಕಿಯರು ಅಂಗಾತ ಮಲಗಿದ್ದರು. ನಿಂತವನು ಒರೆಸ್ಟ್ ಒಬ್ಬನೇ. ಅರವತ್ತನಾಲ್ಕು ವರ್ಷದ, ಗೂಳಿಯಂಥ ಕತ್ತಿನ ಒರೆಸ್ಟ್ ಬೊದ್ನಾರ್ಚುಕ್ ತೋಳುಗಳನ್ನು ಎದೆಯ ಮೇಲೆ ಕಟ್ಟಿಕೊಂಡು, "ಹೇಳಿಕೊಡೋನು ನಿಂತೇ ಇರಬೇಕು ಅತ್ತಿಗೆ. ಇಲ್ಲಾಂದ್ರೆ ನಿಮ್ಮ ತಪ್ಪು ಕಾಣೋದು ಹೇಗೆ?" ಎಂದ.

"ನಿನ್ನ ಮಗಳಿಗೆ ಮಲಗಿದ್ರೂ ಕಾಣ್ತಿತ್ತಲ್ಲ."

ಉಳಿದ ಹತ್ತು ಜನ ಬಿದ್ದಲ್ಲೇ ನಕ್ಕರು. ಒರೆಸ್ಟ್ ಕೂಡ ನಕ್ಕ. "ಬಲಗಾಲು ಮಡಚಿ. ಐಲಿ ಅತ್ತಿಗೆ, ನೀವೇ ಒಂದ್ಸಲ ತೋರಿಸಿಬಿಡಿ, ಎಲ್ಲರೂ ನಿಮ್ಮನ್ನ ನೋಡ್ಲಿ" ಎಂದು ಮಾತು ಜಾರಿಸಿದ. ಮೂರು ವಾರದಿಂದ ಅವನು ಹೀಗೆಯೇ ಜಾರಿಸುತ್ತಾ ಬಂದಿದ್ದ.

ನಿಜ ಏನೆಂದರೆ, ಒರೆಸ್ಟ್ ನೆಲದ ಮೇಲೆ ಕೂತು ಆರು ವರ್ಷವಾಗಿತ್ತು. ಭಾರ ಎತ್ತುವ ಪಂದ್ಯಗಳಿಗೆಂದು ಮೂವತ್ತು ವರ್ಷ ಹೆಗಲ ಮೇಲೆ ಕಬ್ಬಿಣ ಹೊತ್ತು ಕೂತೆದ್ದು ಅವನ ಬಲಸೊಂಟದ ಕೀಲು ತುಕ್ಕು ಹಿಡಿದಿತ್ತು. ಕೊನೆಯ ಸಲ ಕೂತದ್ದು ಒಂದು ಭಾನುವಾರ, ಜಿಮ್‌ನಲ್ಲಿ ಯಾರೂ ಇಲ್ಲದಾಗ, ಯಂತ್ರದಡಿಗೆ ಉರುಳಿದ್ದ ನಟ್ಟು ಹುಡುಕಲು. ನಟ್ಟು ತಕ್ಷಣ ಸಿಕ್ಕಿತು. ಎದ್ದು ನಿಲ್ಲಲು ಮಾತ್ರ ಮುಕ್ಕಾಲು ಗಂಟೆ ಹಿಡಿಯಿತು, ಅದೂ ಯಂತ್ರದ ಕಾಲು ತಬ್ಬಿಕೊಂಡು. ಅವತ್ತಿನಿಂದ ಏನಾದರೂ ಕೈಜಾರಿ ಬಿದ್ದರೆ ಅದನ್ನು ಪಾದದಿಂದ ಗೋಡೆಯ ಬದಿಗೆ ತಳ್ಳಿ, ಯಾರಾದರೂ ಎತ್ತಿಡುವವರೆಗೆ ಕಾಣದವನಂತೆ ಓಡಾಡುತ್ತಿದ್ದ. ಈ ವಿಷಯ ಮಗಳಿಗೂ ಹೇಳಿರಲಿಲ್ಲ.

ಥಂಡರ್ ಬೇ ಎಂಬ ಊರಿನ ಆ ನೆಲಮಾಳಿಗೆಯ ಜಿಮ್ ಒಂದು ಕಾಲದಲ್ಲಿ ಕಾಗದದ ಕಾರ್ಖಾನೆಯ ಗಂಡಸರದು. ಪಾಳಿ ಮುಗಿಸಿ ಬಂದು, ಹಿಡಿತ ಜಾರದಂತೆ ಕೈಗೆ ಸೀಮೆಸುಣ್ಣದ ಪುಡಿ ಬಳಿದುಕೊಂಡು, ಬೈದಾಡುತ್ತಾ ಭಾರ ಎತ್ತಿ ಮನೆಗೆ ಹೋಗುತ್ತಿದ್ದರು. ಕಾರ್ಖಾನೆ ಮುಚ್ಚಿತು, ಬೈಯುವವರೂ ಕಡಿಮೆಯಾದರು. ಒರೆಸ್ಟ್ ಇನ್ನೇನು ಬಾಗಿಲು ಹಾಕಬೇಕು ಎನ್ನುವಾಗ ಮಗಳು ಲರೀಸಾ ಟೊರಾಂಟೊದಿಂದ ಬಂದು ಚಾವಿ ಕೈಗೆ ತೆಗೆದುಕೊಂಡಳು. "ಅಪ್ಪ, ಈಗ ಜನಕ್ಕೆ ತೋಳು ಬೇಡ. ಆಯಸ್ಸು ಬೇಕು" ಎಂದಳು. ಭಾರ ಎತ್ತುವ ಮೂರು ಚೌಕಟ್ಟುಗಳನ್ನು ಮಾರಿದಳು. ಆ ಜಾಗದಲ್ಲಿ ಹಸಿರು ಚಾಪೆ ಹಾಸಿದಳು, ಮೂಲೆಯಲ್ಲಿ ಮುಳುಗಿ ಕೂರಲು ತಣ್ಣೀರಿನ ತೊಟ್ಟಿ ಇಟ್ಟಳು, ಹಿಡಿತದ ಬಲ ಅಳೆಯುವ ಯಂತ್ರ ತಂದಳು. ತನ್ನ ಚೌಕಟ್ಟು ಲಾರಿ ಹತ್ತಿದ ದಿನ ಒರೆಸ್ಟ್ ಊಟ ಮಾಡಲಿಲ್ಲ. ಆದರೆ ಜನ ಬಂದರು, ಅದನ್ನು ಅವನೂ ಇಲ್ಲವೆನ್ನುವ ಹಾಗಿರಲಿಲ್ಲ.

ಮೊದಲು ಬಂದವರು ಮೂವತ್ತರ ಆಸುಪಾಸಿನವರು. ನೂರು ವರ್ಷ ಬದುಕುವುದು ಅವರಿಗೆಲ್ಲ ಆಗಲೇ ಖಾತ್ರಿಯಾಗಿತ್ತು, ಈಗ ನೂರಹತ್ತರ ಯೋಚನೆ. ಹಿಂದಿನ ರಾತ್ರಿ ನಿದ್ದೆ ಬಂತೋ ಇಲ್ಲವೋ ಎಂಬುದನ್ನು ಬೆರಳಿಗೆ ತೊಟ್ಟ, ನಿದ್ದೆ ಅಳೆಯುವ ಉಂಗುರ ಹೇಳಬೇಕು, ಅವರಿಗೆ ತಿಳಿಯದು. ಬ್ರೆಕನ್ ಎಂಬ ತೆಳ್ಳನೆಯ ದಂತವೈದ್ಯನಂತೂ ಬೆಳಿಗ್ಗೆ ಹದಿನಾಲ್ಕು ಗುಳಿಗೆ ನುಂಗಿ ಬರುತ್ತಿದ್ದ. ಅವರ ಹಿಂದೆಯೇ ಬಂದವರು ಎಪ್ಪತ್ತು ಎಂಬತ್ತು ದಾಟಿದವರು. ಇವರಿಗೆ ನೂರರ ಗೊಡವೆ ಇರಲಿಲ್ಲ. ಸ್ನಾನದ ತೊಟ್ಟಿಯಿಂದ ತಾವೇ ಎದ್ದು ಬರುವಂತಾದರೆ ಸಾಕಿತ್ತು.

ಐಲಿ ಲೆಹ್ತೊವಾರಾ ಅವರಲ್ಲಿ ಎಲ್ಲರಿಗಿಂತ ಹಿರಿಯರು, ಎಂಬತ್ತೊಂದು. ಹೋದ ನವೆಂಬರಿನಲ್ಲಿ ಅಡುಗೆಮನೆಯಲ್ಲಿ ಬಿದ್ದು, ಅಂಚೆಯವಳು ಬಾಗಿಲು ತಟ್ಟುವವರೆಗೆ ಮೂರು ಗಂಟೆ ಸಿಂಕಿನ ಕೆಳಗಿನ ಪೈಪು ನೋಡುತ್ತಾ ಮಲಗಿದ್ದರು. ಮೂಳೆ ಮುರಿದಿರಲಿಲ್ಲ. ಏಳುವುದು ಹೇಗೆಂಬುದೇ ಮರೆತುಹೋಗಿತ್ತು, ಅಷ್ಟೆ. ಮಾರನೆಯ ವಾರ ಜಿಮ್‌ಗೆ ಬಂದು ಲರೀಸಾಳಿಗೆ ಹೇಳಿದ್ದು ಒಂದೇ ಮಾತು: "ಆ ಪೈಪನ್ನ ನಾನು ಇನ್ನೊಂದ್ಸಲ ನೋಡಲ್ಲ ಮಗಳೇ. ಹೇಳಿಕೊಡು."

ಲರೀಸಾ ಹೇಳಿಕೊಟ್ಟಳು. ಹಾಗೆ ಶುರುವಾದದ್ದೇ ನೆಲದಿಂದ ಏಳುವ ತರಗತಿ. ಬಸುರಿನ ಏಳನೆಯ ತಿಂಗಳಿನಲ್ಲಿ ಅವಳ ಹೊಟ್ಟೆ ಅಡ್ಡ ಬಂದಾಗ, ತರಗತಿಗೆ ಬೇರೆ ಯಾರನ್ನಾದರೂ ಗೊತ್ತುಮಾಡಬೇಕು ಎಂದಳು. "ನಾನಿಲ್ವಾ?" ಎಂದು ಒರೆಸ್ಟ್ ಎದೆ ಸೆಟೆಸಿದ. ಹೊರಗಿನವನು ಬಂದರೆ ತನಗೆ ಅಲ್ಲಿ ಉಳಿಯುವ ಜಾಗ ಗೋಡೆಯ ಮೇಲಿನ ತನ್ನ ಹಳೆಯ ಫೋಟೊ ಒಂದೇ ಎಂದು ಅವನಿಗೆ ದಿಗಿಲು. "ಆಗುತ್ತಾ ಅಪ್ಪ? ಎಲ್ಲಾ ನೆಲದ ಮೇಲಿನ ಕೆಲಸ" ಎಂದು ಅವಳು ಕೇಳಿದಾಗ, "ನೀನು ಹುಟ್ಟೋಕೆ ಮುಂಚಿನಿಂದ ನೆಲ ನೋಡಿದೀನಿ ಕಣೇ" ಎಂದುಬಿಟ್ಟ.

ತಿಂಗಳ ಮೊದಲ ಶುಕ್ರವಾರ ಪರೀಕ್ಷೆಯ ದಿನ. ಅವತ್ತು ಬೆಳಿಗ್ಗೆ ಹಿರಿಯರು ಕಿರಿಯರು ಎಲ್ಲರೂ ಒಂದೇ ಹೊತ್ತಿಗೆ ಬರುವರು. ನಿಂತಲ್ಲಿಂದ ನೆಲಕ್ಕೆ ಕೂರಬೇಕು, ಕೂತಲ್ಲಿಂದ ಎದ್ದು ನಿಲ್ಲಬೇಕು. ಹತ್ತು ಅಂಕ. ಕೈ ಊರಿದರೆ ಒಂದು ಹೋಯಿತು, ಮಂಡಿ ಊರಿದರೆ ಇನ್ನೊಂದು. ಬೇರೆಯವರು ಹಿಡಿದರೆ ಅಂಕವೇ ಇಲ್ಲ.

ಹೊರಗೆ ಮಾರ್ಚಿನ ಹಿಮ ಕೊಚ್ಚೆಯಾಗಿ ಕರಗುತ್ತಿತ್ತು. ಬಾಗಿಲ ಬಳಿ ಬೂಟುಗಳ ರಾಶಿ. ಪರೀಕ್ಷೆಯಾದ ಮೇಲೆ ತಿನ್ನಲೆಂದು ಯಾರೋ ಗುಲಾಬಿ ಕೆನೆ ಸವರಿದ ಪರ್ಷಿಯನ್ ಬನ್ನುಗಳ ಡಬ್ಬ ತಂದಿದ್ದರು. ಬ್ರೆಕನ್ ಅದರ ಕಡೆ ಹಾವು ನೋಡಿದಂತೆ ನೋಡಿದ. ಅವನ ಸರದಿ ಮೊದಲು ಬಂತು. ಕೂತ, ಎದ್ದ, ಒಂದು ಕೈ ಊರಿದ. "ಒಂಬತ್ತು!" ಎಂದು ತನಗೆ ತಾನೇ ಹೇಳಿಕೊಂಡು ಗಡಿಯಾರ ನೋಡಿದ.

"ಹಲ್ಲು ಕೀಳೋನಿಗೆ ಇಷ್ಟು ಸಾಕು ಬಿಡು" ಎಂದರು ಐಲಿ, ಚಾಪೆಯ ನಡುವೆ ಬಂದು ನಿಲ್ಲುತ್ತಾ. ಕಾಲಿಗೆ ತಾವೇ ಹೆಣೆದ ಉಣ್ಣೆಯ ಕಾಲುಚೀಲ. ಇದುವರೆಗೆ ಯಾವ ಶುಕ್ರವಾರವೂ ಅವರು ಕುರ್ಚಿ ಹಿಡಿಯದೆ ಎದ್ದಿರಲಿಲ್ಲ. ಈ ಸಲ ಕುರ್ಚಿಯನ್ನು ತಾವೇ ಆಚೆ ಇಡಿಸಿದ್ದರು.

ಚೆನ್ನಾಗಿಯೇ ಕೂತರು. ಪಕ್ಕಕ್ಕೆ ಹೊರಳಿ, ಅಂಗೈಯೂರಿ, ಮಂಡಿಯ ಮೇಲೆ ಬಂದರು. ಎಡಪಾದ ಮುಂದಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲೆ ಒತ್ತಿಕೊಂಡು ಮೇಲಕ್ಕೆ ಬರತೊಡಗಿದರು. ಅರ್ಧ ದಾರಿಯಲ್ಲಿ ನಿಂತರು. ಮೊಣಕಾಲು ಗಡಗಡ ನಡುಗಿತು. ಮೈ ಎಡಕ್ಕೆ ವಾಲಿತು. ಪಕ್ಕದಲ್ಲೇ ನಿಂತಿದ್ದ ಒರೆಸ್ಟ್‌ಗೆ ಹೆದರಿಕೆಯಾಗಿ, ಯೋಚಿಸುವ ಮೊದಲೇ ಅವನ ಕೈ ಹೋಗಿ ಅವರ ಮೊಣಕೈ ಹಿಡಿದಿತ್ತು.

ಐಲಿ ನೆಟ್ಟಗೆ ನಿಂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಮೊಣಕೈಯನ್ನು ಕಿತ್ತುಕೊಂಡು, "ಕೈ ಯಾಕೆ ಹಾಕ್ದೆ?" ಎಂದು ಕೇಳಿದರು. ಚಪ್ಪಾಳೆ ನಿಂತಿತು.

"ಬೀಳ್ತಿದ್ರಿ ಅತ್ತಿಗೆ."

"ಬೀಳ್ತಿದ್ನೋ ಇಲ್ವೋ, ಇನ್ನು ಯಾರಿಗೆ ಗೊತ್ತಾಗುತ್ತೆ? ನನಗೇ ಗೊತ್ತಾಗ್ದಂಗೆ ಮಾಡಿಬಿಟ್ಯಲ್ಲೋ!"

"ಹೋಗ್ಲಿ, ಎದ್ದ್ರಿ ಅಂತ್ಲೇ ಬರೆಯೋಣ—"

"ವಿನಿಪೆಗ್ ಜ್ಞಾಪಕ ಇದ್ಯಾ ನಿಂಗೆ?"

ವರ್ಷಗಳ ಹಿಂದೆ ವಿನಿಪೆಗ್‌ನಲ್ಲಿ ನಡೆದ ಪಂದ್ಯ, ಒರೆಸ್ಟ್ ಮರೆಯುವಂಥದ್ದಲ್ಲ ಅದು. ಇನ್ನೂರ ಎಪ್ಪತ್ತು ಕಿಲೋ ಹೆಗಲ ಮೇಲೆ, ಪಕ್ಕದಲ್ಲಿ ಕಾವಲಿಗೆ ನಿಂತವನು ಐಲಿಯ ಗಂಡ ವೇಯ್ಕೋ. ಭಾರ ಎತ್ತುವವರಲ್ಲಿ ಒಂದು ಕಟ್ಟುನಿಟ್ಟು. ಹೊತ್ತವನು ತಾನಾಗಿ "ಹಿಡೀರಿ" ಎಂದು ಕೂಗುವವರೆಗೆ ಪಕ್ಕದವರು ಸರಳಿಗೆ ಬೆರಳು ಸೋಕಿಸುವಂತಿಲ್ಲ. ಸೋಕಿದರೆ ಎತ್ತಿದ್ದು ಲೆಕ್ಕಕ್ಕೆ ಇಲ್ಲ. ಒರೆಸ್ಟ್ ಅರ್ಧ ಎದ್ದು ತಡವರಿಸಿದಾಗ ವೇಯ್ಕೋ ಸರಳಿಗೆ ಕೈ ಕೊಟ್ಟಿದ್ದ.

"ಅವರೂ ಹೆದರಿಯೇ ಮುಟ್ಟಿದ್ದು" ಎಂದರು ಐಲಿ. ಈಗ ದನಿ ಇಳಿದಿತ್ತು. "ಒಂದು ವರ್ಷ ನೀನು ನಮ್ಮನೆ ಮೆಟ್ಲು ಹತ್ಲಿಲ್ಲ. ಭಾನುವಾರ ಹಬೆಸ್ನಾನಕ್ಕೆ ಸೌನಾ ಕಾಯಿಸಿ, ನಿನ್ನ ಟವಲ್ಲೂ ತೆಗೆದಿಟ್ಟು ಕಾಯೋರು ಅವರು. ನಿಂದು ಅಷ್ಟು ದೊಡ್ಡದು, ನಂದು ಮಾತ್ರ ಆಟನಾ? ಮುದುಕಿ, ಪಾಪ, ಹೋಗ್ಲಿ ಅಂತ್ಲಾ?"

"ತಪ್ಪಾಯ್ತು ಅತ್ತಿಗೆ" ಎಂದ ಒರೆಸ್ಟ್. ಮನಸ್ಸಿನಿಂದಲೇ ಹೇಳಿದ್ದು. ಆದರೆ ಐಲಿ ಅಷ್ಟಕ್ಕೆ ಬಿಡಲಿಲ್ಲ.

"ನೀನು ನಂಗೋಸ್ಕರ ಹೆದರ್ಲಿಲ್ಲ ಕಣೋ. ಮೂರು ವಾರದಿಂದ ನೋಡ್ತಾ ಇದೀನಿ. ಬಿದ್ದ ಪೆನ್ನನ್ನ ಕಾಲಲ್ಲಿ ಗೋಡೆಗೆ ತಳ್ತೀಯ. ಯಾವತ್ತಾದ್ರೂ ಒಂದಿನ ಈ ಚಾಪೆ ಮೇಲೆ ಕೂತಿದ್ಯಾ ನೀನು?"

ಹಿಡಿತದ ಯಂತ್ರದ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಲರೀಸಾ ತಲೆ ಎತ್ತಿದಳು. "ಅಪ್ಪ? ಏನಿದು?"

ನಗೆಯಾಡಿ ತಪ್ಪಿಸಿಕೊಳ್ಳಬಹುದಿತ್ತು. ಬಾಯಿಗೆ ಮಾತು ಬಂದೂ ಇತ್ತು. ಮೂವತ್ತು ಜನ ತನ್ನನ್ನೇ ನೋಡುತ್ತಿದ್ದಾರೆ, ಅದರಲ್ಲಿ ಮಗಳ ಮುಖ ಒಂದು. ಅವಳಿಗೆ ಕೋಪ ಬಂದಿದ್ದರೆ ಸುಳ್ಳು ಹೇಳುತ್ತಿದ್ದನೋ ಏನೋ. ಅವಳು ಹೆದರಿದ್ದಳು. ಒರೆಸ್ಟ್ ಬೆಂಚಿನ ಅಂಚು ಹಿಡಿದು, ಎಡಗಾಲು ಬಾಗಿಸಿ, ಬಲಗಾಲನ್ನು ಕಟ್ಟಿಗೆಯಂತೆ ಮುಂದೆ ಚಾಚಿಕೊಂಡು ಇಳಿಯತೊಡಗಿದ. ಕೊನೆಯ ಗೇಣಿನಷ್ಟು ದೂರ ಮೈ ಅವನ ಮಾತು ಕೇಳಲಿಲ್ಲ. ದೊಪ್ಪೆಂದು ಬಿದ್ದ.

"ಆರು ವರ್ಷ ಆಯ್ತು" ಎಂದ, ಉಸಿರು ಬಂದಮೇಲೆ. "ಸೊಂಟ. ನಿಂಗೆ ಹೇಳ್ಲಿಲ್ಲ ಮಗಳೇ. ಹೇಳಿದ್ರೆ ಮನೇಲಿ ಕೂರು ಅಂತಿದ್ದೆ."

"ಹಂಗಂತ ಯಾವಾಗ ಅಂದಿದೀನಿ ನಾನು?" ಎಂದಳು ಲರೀಸಾ. "ಕೇಳೋಕಾದ್ರೂ ಬಿಟ್ಟಿದ್ಯಾ?"

ಐಲಿ ಅಷ್ಟರಲ್ಲಿ ಒಂದೆರಡು ಗುಟುಕು ನೀರು ಕುಡಿದು ಸುಧಾರಿಸಿಕೊಂಡಿದ್ದರು. ಮತ್ತೆ ಚಾಪೆಗೆ ಬಂದು, ಒರೆಸ್ಟ್‌ನಿಂದ ಎರಡು ಮಾರು ದೂರದಲ್ಲಿ ಕೂತರು. "ಈಗ ಅಲ್ಲಿಂದ ನಿನ್ನ ಕೈ ಎಟಕಲ್ಲ. ನೋಡ್ತಾ ಇರು."

ನೆಲದಿಂದ ನೋಡಿದಾಗ ಅದು ಬೇರೆಯೇ ಕೆಲಸವಾಗಿ ಕಂಡಿತು. ಮೇಲೆ ನಿಂತವನಿಗೆ ಕಾಣುತ್ತಿದ್ದದ್ದು ನಡುಗುವ ಮಂಡಿ ಮಾತ್ರ. ಇಲ್ಲಿ ಅವನ ಕಣ್ಣೆದುರಿಗೆ ಇದ್ದದ್ದು ಪಾದ. ಉಣ್ಣೆಯೊಳಗೆ ಬೆರಳುಗಳು ಅಗಲವಾಗಿ ಬಿಚ್ಚಿಕೊಂಡು ಚಾಪೆಯನ್ನು ಹಿಡಿದವು. ಮೈ ಎಡಕ್ಕೆ ವಾಲಿದಾಗ ಪಾದದ ಹೊರ ಅಂಚು ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು. ಹಿಮ್ಮಡಿ ಇಷ್ಟೇ ಇಷ್ಟು ಮೇಲೆದ್ದು, ಜಾಗ ಹುಡುಕಿಕೊಂಡು, ಮತ್ತೆ ಊರಿತು. ಐಲಿ ಬೀಳುತ್ತಿರಲಿಲ್ಲ. ಆಗಲೂ ಬೀಳುತ್ತಿರಲಿಲ್ಲವೇನೋ. ಒರೆಸ್ಟ್ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅದುಮಿಕೊಂಡ.

ಐಲಿ ನಿಂತರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರ ಉಸಿರಾಟ ಕೇಳಿಸುತ್ತಿತ್ತು.

"ಆರು ಅಂಕ" ಎಂದ ಬ್ರೆಕನ್ ಮೆಲ್ಲಗೆ. ಗಡಿಯಾರ ನೋಡುವುದನ್ನು ಮರೆತಿದ್ದ.

"ನಿನ್ನ ಸರದಿ" ಎಂದರು ಐಲಿ.

ಒರೆಸ್ಟ್ ಪಕ್ಕಕ್ಕೆ ಹೊರಳಿದ. ಮೂರು ವಾರ ಬಾಯಲ್ಲಿ ಹೇಳಿಕೊಟ್ಟದ್ದನ್ನು ಮೈಗೆ ಹೇಳಿಕೊಟ್ಟ. ಅಂಗೈ ಊರಿದ, ಎಡಮಂಡಿಯ ಮೇಲೆ ಬಂದ, ಬಲಪಾದ ಮುಂದೆ ತರಲು ನೋಡಿದ. ಸೊಂಟದಲ್ಲಿ ಏನೋ ಗಕ್ಕನೆ ಕಚ್ಚಿಕೊಂಡಿತು. ಕೂತುಬಿಟ್ಟ. ಲರೀಸಾ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಎದ್ದು ಧಾವಿಸಿದಳು.

"ನಿಲ್ಲು ಮಗಳೇ" ಎಂದು ಐಲಿ ಅವಳ ತೋಳು ಹಿಡಿದರು. "ಅವನು ಕರೀಲಿ."

ಇನ್ನೊಂದು ಸಲ. ಹಲ್ಲು ಕಚ್ಚಿ, ಮುಖ ಕೆಂಪೇರಿಸಿಕೊಂಡು. ಈ ಸಲ ಪಾದ ಅರ್ಧ ಮುಂದೆ ಬಂತು, ಅಲ್ಲೇ ನಿಂತಿತು. ಮೂರನೆಯ ಸಲ ಅಷ್ಟೂ ಬರಲಿಲ್ಲ. ಬೆವರು ಕಣ್ಣಿಗಿಳಿಯಿತು. ಸುತ್ತ ನಿಂತವರ ಕಾಲುಗಳು ಕಂಡವು, ಉಬ್ಬಿದ ನರಗಳ ಕಾಲುಗಳು, ಬ್ರೆಕನ್‌ನ ಬಿಳಿ ಬೂಟುಗಳು, ಮಗಳ ಊದಿದ ಪಾದಗಳು. ಒಂದೂ ಅಲುಗಲಿಲ್ಲ. ಕಾಯುವುದಕ್ಕೆ ಅವರಿಗೆ ಬೇಸರವೇನೂ ಇದ್ದಂತಿರಲಿಲ್ಲ.

ಮೂವತ್ತು ವರ್ಷದಲ್ಲಿ ಒರೆಸ್ಟ್ ಒಂದು ಸಲವೂ ಆ ಮಾತು ಕೂಗಿದವನಲ್ಲ. ಭಾರದ ಕೆಳಗೆ ಸಿಕ್ಕಿ ಬಿದ್ದಾಗಲೂ ಕೂಗಿರಲಿಲ್ಲ.

ಅವನು ತಲೆ ಎತ್ತಲಿಲ್ಲ. ಚಾಪೆಯನ್ನೇ ನೋಡುತ್ತಾ, "ಹಿಡೀರಿ" ಎಂದ.

ಎಷ್ಟು ಕೈಗಳು ಬಂದವೋ ಲೆಕ್ಕ ಸಿಗಲಿಲ್ಲ. ಕಂಕುಳಿಗೆ ಬಂದವು, ಬೆನ್ನಿಗೆ ಬಂದವು, ಒಣಗಿದವು, ತಣ್ಣನೆಯವು, ಉಂಗುರ ತೊಟ್ಟ ಒಂದು. ಮೊಣಕೈಯ ಕೆಳಗೆ ಹಿಡಿದಿದ್ದ ಕೈಯೊಂದು ನಡುಗುತ್ತಿತ್ತು. ಅದು ಯಾರದೆಂದು ಅವನು ತಿರುಗಿ ನೋಡಲಿಲ್ಲ. ತನ್ನ ಭಾರವನ್ನು ಅದರ ಮೇಲೂ ಬಿಟ್ಟ.