ಮುಖ ನೋಡಿ ಇಟ್ಟ ಮೆಟ್ಟಿಲು

ಬಸ್ಸಿನ ಕಂಬಕ್ಕೆ, ಕಿಟಕಿಗೆ, ಸೀಟಿಗೆ ನನ್ನ ಗಂಡ ಟೇಪು ಹಿಡಿದೇ ಅಳೆಯುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಬಾಗಿಲಿನ ಮೊದಲ ಮೆಟ್ಟಿಲು ಎಷ್ಟು ಎತ್ತರಕ್ಕಿರಬೇಕು ಎನ್ನುವುದಕ್ಕೆ ಮಾತ್ರ ಅವರಿಗೆ ಟೇಪು ಬೇಡ, ನಾನು ಬೇಕು.

ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನ ಹಿಂದೆ ನಮ್ಮದೊಂದು ಶೆಡ್ಡು. ಫ್ಯಾಕ್ಟರಿಯಿಂದ ಬರೀ ಎಂಜಿನ್ನು, ಚಕ್ರದ ಮೇಲೆ ಬರುವ ಬೋಳು ಚಾಸಿಗೆ ಬಾಡಿ ಕಟ್ಟಿಕೊಡುವುದು ನಮ್ಮ ಕಸುಬು. ಮೆಟ್ಟಿಲನ್ನು ವೆಲ್ಡಿಂಗ್ ಮಾಡಿ ಗಟ್ಟಿ ಮಾಡುವ ಮೊದಲು ಮನೆಗೆ ಫೋನು ಬರುತ್ತದೆ: “ಓಯ್ ಲೋಲಾಕ್ಷಿ, ಒಮ್ಮೆ ಬಂದು ಹತ್ತಿ ಹೋಗು.” ಒಲೆಯ ಮೇಲೆ ಸಾರು ಕುದಿಯುತ್ತಿರಲಿ, ಮೈಯಲ್ಲಿ ಜ್ವರವಿರಲಿ, ಹೋಗಲೇಬೇಕು. ಅದೂ ಸೀರೆಯುಟ್ಟು. ಚೂಡಿದಾರದಲ್ಲಿ ಹೋದರೆ ವಾಪಸ್ ಕಳಿಸುತ್ತಾರೆ. ಸೀರೆಯುಟ್ಟ ಕುಳ್ಳಿ ಹೆಂಗಸು ಸಲೀಸಾಗಿ ಹತ್ತಿದರೆ ಊರೆಲ್ಲ ಹತ್ತಿದ ಹಾಗೆ ಎನ್ನುವುದು ಲೀಲಾಧರ ಎಂಬ ಈ ಮಹಾನುಭಾವರ ಸಿದ್ಧಾಂತ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು!

ಇವರು ಕಾರ್ಕಳದ ಕಡೆಯಿಂದ ಬಂದದ್ದು ಥಾಣೆಯ ಹೋಟೆಲಿನಲ್ಲಿ ಲೋಟ ತೊಳೆಯಲು. ಹೋಟೆಲಿನ ಹಿಂದೆ ಒಬ್ಬ ಸರ್ದಾರ್ಜಿ ಲಾರಿಗಳಿಗೆ ಮರದ ಬಾಡಿ ಕಟ್ಟುತ್ತಿದ್ದರಂತೆ. ಚಹಾ ಕೊಡಲು ಹೋದವರು ಅಲ್ಲೇ ಉಳಿದುಬಿಟ್ಟರು. ಆಮೇಲೆ ಮರ ಹೋಗಿ ತಗಡು ಬಂತು, ಇವರು ಲಾರಿ ಬಿಟ್ಟು ಬಸ್ಸಿಗೆ ಕೈ ಹಾಕಿದರು, ಕಬ್ಬಿಣ ಸಿಗುವಲ್ಲೇ ಇರೋಣವೆಂದು ಕಳಂಬೋಲಿಗೆ ಬಂದೆವು. ಆಗ ನಮ್ಮ ಸಾಲಿನ ತುಂಬ ಟ್ರೈಲರ್ ಕಟ್ಟುವವರು, ಟ್ಯಾಂಕರ್ ಕಟ್ಟುವವರು. ಸುತ್ತಿಗೆಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಎರಡು ಸಾವಿರದ ಹದಿನಾಲ್ಕನೇ ಇಸವಿಯ ಹೊತ್ತಿಗೆ ದೊಡ್ಡ ಕಂಪನಿಗಳೇ ಬಾಡಿ ಸಮೇತ ರೆಡಿ ಬಸ್ಸು ಮಾರತೊಡಗಿದವು. ನೆರೆಯ ಶೆಡ್ಡುಗಳು ಒಂದೊಂದಾಗಿ ಗೋಡೌನಾದವು. ನಮಗೆ ಉಳಿದ ದೊಡ್ಡ ಗಿರಾಕಿ ಒಬ್ಬರೇ, ಕಂಪನಿಗಳಿಗೆ ಸ್ಟಾಫ್ ಬಸ್ಸು ಓಡಿಸುವ ಡೊಂಬಿವಲಿಯ ಪುಂಡರೀಕಾಕ್ಷಣ್ಣ.

ಆ ವರ್ಷ ದೀಪಾವಳಿ ಕಳೆದ ವಾರ, ನಾನು ಊಟದ ಡಬ್ಬ ಹಿಡಿದು ಶೆಡ್ಡಿಗೆ ಹೋದಾಗ ಅವರೇ ಬಂದಿದ್ದರು. ಜೊತೆಗೆ ನಾವು ಆಗಷ್ಟೇ ಕಟ್ಟಿಕೊಟ್ಟ ಹೊಸ ಬಸ್ಸು. ಅದರ ಮೊದಲ ಮೆಟ್ಟಿಲು ಅಪ್ಪಚ್ಚಿಯಾಗಿತ್ತು.

“ಇದೆಂತ ಮೆಟ್ಟಿಲು ಮಾರ್ರೆ?” ಎಂದು ಕೂಗಾಡುತ್ತಿದ್ದರು. “ಥಾಣೆಯ ಮಾಜಿವಾಡಾದಲ್ಲಿ ಕಂಪನಿ ಗೇಟಿನೆದುರು ರಸ್ತೆ ಉಬ್ಬಿಸಿದ ಹಂಪಿಗೆ ಕುಟ್ಟಿತು. ಅದರ ಹಿಂದಿನ ಬಸ್ಸೂ ಉಜ್ಜುತ್ತಿತ್ತು, ನಾನು ಸುಮ್ಮನಿದ್ದೆ. ಇನ್ನು ಆಗುದಿಲ್ಲ ಲೀಲಾಧರಣ್ಣ. ಸರಿ ಮಾಡಿ ಇಡಿ. ನಾಡಿದ್ದು ನಾನೇ ಕೂತು ಆ ಹಂಪು ದಾಟಿಸಿ ನೋಡ್ತೇನೆ. ಮತ್ತೆ ಉಜ್ಜಿತೋ, ಬಾಕಿ ಚಾಸಿ ಒಂದೂ ನಿಮಗಿಲ್ಲ. ರೆಡಿ ಬಸ್ಸೇ ತಕ್ಕೊಳ್ತೇನೆ.”

“ನಿಮ್ಮ ಡ್ರೈವರ್ ಜೋರು ಬಿಟ್ಟದ್ದಿರಬೇಕು,” ಎಂದರು ಇವರು. ದನಿಯಲ್ಲಿ ಜೀವವಿರಲಿಲ್ಲ. ಈ ಗಿರಾಕಿ ಹೋದರೆ ಶೆಡ್ಡಿಗೆ ಬೀಗ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಪುಂಡರೀಕಾಕ್ಷಣ್ಣನದೇ ಒಂದು ಹಳೆಯ ಬಸ್ಸು ಸೀಟು ರಿಪೇರಿಗೆ ಬಂದು ಪಕ್ಕದಲ್ಲಿ ನಿಂತಿತ್ತು. ಎರಡರ ಬಾಗಿಲನ್ನೂ ನೋಡಿದೆ. ಹಳೆಯದರ ಮೆಟ್ಟಿಲು ನನ್ನ ಮೊಣಕಾಲಿನ ಹತ್ತಿರ ಬರುತ್ತಿತ್ತು, ಹೊಸದರದ್ದು ಮೀನಖಂಡದಿಂದಲೂ ಕೆಳಗೆ. ವೆಲ್ಡಿಂಗ್ ಮಾಡುವ ಬೂಬನನ್ನು ಆಚೆ ಕರೆದು, ಮೆಟ್ಟಿಲು ಇಷ್ಟು ಕೆಳಗೆ ಹೇಗೆ ಬಂತೆಂದು ಕೇಳಿದೆ.

“ಬೈಬಾರದು ಅಕ್ಕ,” ಎಂದ. “ಮೊಣಕಾಲು ನೋವು ಶುರುವಾದ ಮೇಲೆ ಹತ್ತುವಾಗ ನೀವು ಮುಖ ಹಿಂಡ್ತೀರಿ. ಹಿಂಡಿದ ಕೂಡ್ಲೇ ಅಣ್ಣ ಹೇಳುದು, ‘ಬೂಬ, ಒಂದು ಬೆರಳು ಇಳಿಸು’ ಅಂತ. ಪ್ರತಿ ಬಸ್ಸಿಗೂ ಹೀಗೆಯೇ, ಹಿಂದಿನದಕ್ಕಿಂತ ಒಂದು ಬೆರಳು ಕೆಳಗೆ.”

“ನಿನಗೆ ಬಾಯಿಲ್ವಾ? ಹೇಳ್ಲಿಕ್ಕಾಗುದಿಲ್ವಾ?”

“ಹೇಳಿದೆ ಅಕ್ಕ. ‘ಅವಳಿಗೆ ಹತ್ಲಿಕ್ಕಾಗದ ಬಸ್ಸು ಎಂತಕ್ಕೆ?’ ಅಂತ ನನ್ನನ್ನೇ ಬೈದ್ರು.”

ಹಣೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಮನೆಯಲ್ಲಿ ಒಂದು ದಿನ ಕಾಲು ಹೇಗುಂಟು ಎಂದು ಕೇಳಿದವರಲ್ಲ. ಮುಲಾಮು ತನ್ನಿ ಎಂದರೆ ಮರೆತು ಬರುತ್ತಾರೆ. ಅಂಥ ಮನುಷ್ಯ ನನ್ನ ಮುಖ ನೋಡಿ ನೋಡಿ ಕಸುಬನ್ನೇ ನೆಲಕ್ಕಿಳಿಸಿಕೊಂಡು ಕೂತಿದ್ದಾರೆ! ಸಿಟ್ಟು ಬಂತು, ಪ್ರೀತಿಯೂ ಉಕ್ಕಿ ಬಂತು, ಎರಡೂ ಸೇರಿ ಅಳುವೇ ಬಂತು.

ಊಟಕ್ಕೆ ಬಡಿಸುವಾಗ ಹೇಳಿದೆ: “ಮೆಟ್ಟಿಲನ್ನು ಆ ಹಳೆ ಬಸ್ಸಿನಷ್ಟೇ ಎತ್ತರಕ್ಕಿಡಿ. ನನಗೆ ಈಗ ಕಾಲುನೋವು ಪೂರಾ ಹೋಗಿದೆ.”

“ಹೌದಾ?” ಎಂದರು. ಅನ್ನ ಕಲಸುತ್ತ ಕೂತರು.

ಪುಂಡರೀಕಾಕ್ಷಣ್ಣ ಬರುವ ದಿನ ಸೀರೆಯುಟ್ಟು ಹೋದೆ. ಮೆಟ್ಟಿಲನ್ನು ಹಳೆ ಬಸ್ಸಿನಷ್ಟೇ ಎತ್ತರಕ್ಕೆ ಕ್ಲ್ಯಾಂಪಿನಲ್ಲಿ ಹಿಡಿಸಿದ್ದರು, ಗಟ್ಟಿ ಮಾಡಿರಲಿಲ್ಲ. ಏನೇ ಆಗಲಿ ಮುಖ ಹಿಂಡಕೂಡದು, ಹಿಂಡಿದರೆ ಮತ್ತೆ ಒಂದು ಬೆರಳು ಕೆಳಗೆ, ಶೆಡ್ಡೂ ಹೋಯಿತು ಎಂದು ಹಲ್ಲು ಕಚ್ಚಿಕೊಂಡು ಬಲಗಾಲಿಟ್ಟೆ. ಮೊಣಕಾಲಿನೊಳಗೆ ಮೊಳೆ ಹೊಡೆದ ಹಾಗಾಯಿತು. ಕೈ ತಾನಾಗಿಯೇ ಆಸರೆ ಹುಡುಕಿತು.

ಆಸರೆ ಅಲ್ಲೇ ಇತ್ತು. ಬಾಗಿಲಿನ ಒಳಮಗ್ಗುಲಿಗೆ ಒಂದು ಪೈಪು, ನೆಲದ ಮೇಲೆ ನಿಂತವರ ಕೈಗೆ ಸಿಗುವಷ್ಟು ಕೆಳಕ್ಕೆ ಬಗ್ಗಿಸಿ, ಜಾರದಂತೆ ರಬ್ಬರು ಸುತ್ತಿದ್ದು. ನಾವು ಕಟ್ಟಿದ ಯಾವ ಬಸ್ಸಿನಲ್ಲೂ ಅದನ್ನು ನೋಡಿರಲಿಲ್ಲ. ಹಿಡಿದು ಎಳೆದೆ, ಮೈ ಹೂವಿನ ಹಾಗೆ ಮೇಲೆ ಬಂತು.

ತಿರುಗಿದರೆ ಇವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಕಾಲುನೋವು ಪೂರಾ ಹೋಗಿದೆ ಅಂದವಳಿಗೆ ಹಿಡಿಕೆ ಯಾಕೆ ಬೇಕಾಯ್ತು?” ಎಂದರು.

“ಇಟ್ಟವರನ್ನು ಕೇಳಿ!” ಎಂದೆ.

“ಬೂಬ, ಗಟ್ಟಿ ಮಾಡು,” ಎಂದು ಆಚೆ ತಿರುಗಿದರು.

ವೆಲ್ಡಿಂಗ್ ಮುಗಿದ ಮೇಲೆ ಪುಂಡರೀಕಾಕ್ಷಣ್ಣ ಬಂದು, “ಲೋಲಾಕ್ಷಿಯಕ್ಕ, ಇಳೀರಿ. ನಾವು ಮಾಜಿವಾಡಾಕ್ಕೆ ಹೊರಟೆವು,” ಎಂದರು.

ಇಷ್ಟು ವರ್ಷ ಇವರು ಕಟ್ಟಿದ ಬಸ್ಸುಗಳನ್ನೆಲ್ಲ ಹತ್ತಿದ್ದೇನೆ, ಹತ್ತಿದ ಹಾಗೆಯೇ ಇಳಿದಿದ್ದೇನೆ. ಒಂದರಲ್ಲೂ ಕೂತು ಗೇಟು ದಾಟಿದವಳಲ್ಲ.

“ನಾನು ಇಳಿಯುದಿಲ್ಲ,” ಎಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟೆ. ಇವರು ತಲೆ ಕೆರೆದುಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತರು.

ಮಾಜಿವಾಡಾದ ಆ ಹಂಪು ಬಂದಾಗ ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನದೂ ಹತ್ತಿತು, ಇಳಿಯಿತು. ಎಲ್ಲೂ ಉಜ್ಜಿದ ಸದ್ದಿಲ್ಲ. ಪುಂಡರೀಕಾಕ್ಷಣ್ಣ ಹಿಂದೆ ತಿರುಗಿ, “ಆಯ್ತು ಮಾರ್ರೆ, ಬಾಕಿ ಚಾಸಿ ಸೋಮವಾರ ಕಳಿಸ್ತೇನೆ. ಎಲ್ಲದಕ್ಕೂ ಆ ಹಿಡಿಕೆ ಇರ್ಲಿ,” ಎಂದರು.

ಇವರಿಗೆ ಅದು ಕೇಳಿಸಿತೋ ಇಲ್ಲವೋ. ನನ್ನ ಕಡೆ ಬಗ್ಗಿ, “ಸೀಟು ಹೇಗುಂಟು? ಬೆನ್ನಿಗೆ ಸರಿ ಕೂರ್ತದಾ?” ಎಂದು ಕೇಳುತ್ತಿದ್ದರು.

“ಭಾರೀ ಲಾಯ್ಕುಂಟು,” ಎಂದೆ, ಮುಖ ನೆಟ್ಟಗಿಟ್ಟುಕೊಂಡು. ಹುಬ್ಬು ಒಂದಿಷ್ಟು ಅಲುಗಿದರೂ ಈ ಮನುಷ್ಯ ಸೀಟನ್ನೆಲ್ಲ ಕಿತ್ತು ಹಾಕಿಯಾರು.